ಹಗ್ಗ ದಾಟಬೇಡ ಮಾವ

೧೯೯೮ರಲ್ಲಿ, ಒಂಬತ್ತನೇ ತರಗತಿಯ ಅರ್ಧದಲ್ಲಿ, ನನ್ನ ಓದು ನಿಂತಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾನು ನಾಲ್ಕು ಮಾತು ನೆಟ್ಟಗೆ ಆಡಿದ ಕೂಡಲೇ ಎದುರಿಗಿದ್ದವರು ‘ಎಲ್ಲೀವರೆಗೆ ಓದಿದ್ದೀರಿ?’ ಎನ್ನುತ್ತಾರೆ. ಹೇಳಿದರೆ ‘ಹೌದಾ, ಗೊತ್ತೇ ಆಗಲ್ಲ ನೋಡಿ’ ಎಂದು ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗೊತ್ತಾಗುವುದಕ್ಕೆ ಏನಿದೆ ಸ್ವಾಮಿ? ಓದು ಬಿಟ್ಟವನಿಗೆ ಕೊಂಬು ಮೂಡಿರುತ್ತದೆಯೇ?

ನಾನು ಕೋಪಿಷ್ಠ. ಇದನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಸವಿತ ಹೇಳುವ ಪ್ರಕಾರ ನಾನು ಬೆಳಿಗ್ಗೆ ಎದ್ದು ಮೊದಲು ಕೋಪ ಮಾಡಿಕೊಂಡು, ಆಮೇಲೆ ಯಾರ ಮೇಲೆ ಎಂದು ಹುಡುಕುತ್ತೇನಂತೆ. ಅವಳ ಮಾತಿಗೆ ನಾನು ಉತ್ತರ ಕೊಟ್ಟಿಲ್ಲ. ಕೊಟ್ಟರೆ ಅವಳ ಮಾತೇ ನಿಜವಾಗುತ್ತದೆ.

ಮಳವಳ್ಳಿಯಲ್ಲಿ ನನ್ನದೊಂದು ಬೈಕ್ ರಿಪೇರಿ ಶೆಡ್ಡಿದೆ. ಹೋದ ತಿಂಗಳು ಒಂದು ಬೆಳಿಗ್ಗೆ ಬೆಳಕವಾಡಿ ಕಡೆಯ ರೈತನೊಬ್ಬ ಹಳೆಯ ಟೂ ಸ್ಟ್ರೋಕ್ ಬೈಕೊಂದನ್ನು ತಂದು ನಿಲ್ಲಿಸಿದ. ರಸ್ತೆ ಅನ್ನುವುದೊಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲವೋ ಏನೋ, ಗದ್ದೆಯೊಳಗಿಂದಲೇ ನೇರ ಬಂದ ಹಾಗಿತ್ತು. ಚಕ್ರ, ಚೈನು, ಎಂಜಿನ್ನು ಎಲ್ಲಕ್ಕೂ ಹಸಿ ಮಣ್ಣು ಮೆತ್ತಿತ್ತು. ಸೈಲೆನ್ಸರಿನ ಮೇಲಿನ ಮಣ್ಣು ಬಿಸಿಗೆ ಬೆಂದು ಹೊಗೆಯಾಡುತ್ತಿತ್ತು. ನೀರು ನಿಂತ ಗದ್ದೆಯ ವಾಸನೆಗೆ ಸುಟ್ಟ ಆಯಿಲಿನ ವಾಸನೆ ಬೆರೆತರೆ ಒಂದು ಕಮಟು ಬರುತ್ತದೆ. ನಿಮಗೆ ಅದು ಬರಿಯ ಕೊಳಕು. ನನಗೆ ಅದು ಮೂಗಿನಿಂದ ಹತ್ತಿ ನೆತ್ತಿಯಲ್ಲಿ ಕೂರುತ್ತದೆ.

ಅವತ್ತು ಸಂತೆಯ ದಿನ. ನಮ್ಮ ಸೋದರಮಾವ ಚಿಕ್ಕಬೋರಪ್ಪ ಶೆಡ್ಡಿನ ಬಾಗಿಲಲ್ಲಿ ಹಳೇ ಟಯರೊಂದರ ಮೇಲೆ ಕೂತಿದ್ದ. ಮದ್ದೂರಿನ ಕಡೆಯ ಹಳ್ಳಿಯವನು. ಸಂತೆಗೆ ಬಂದರೆ ನನ್ನ ಶೆಡ್ಡಿಗೆ ಬಂದೇ ಬರುತ್ತಾನೆ. ಯಾರ ಬೈಕಿಗೆ ಏನಾಗಿದೆ ಎಂದು ನನಗಿಂತ ಮೊದಲು ಹೇಳುತ್ತಾನೆ. ಹೇಳಿದ್ದು ಯಾವತ್ತೂ ಸರಿಯಾಗಿರುವುದಿಲ್ಲ. ಅವನು ಬಗ್ಗಿ, ಆ ಮಡ್‌ಗಾರ್ಡಿನ ಮಣ್ಣನ್ನು ಎರಡು ಬೆರಳಲ್ಲಿ ತೆಗೆದು, ಉಂಡೆ ಮಾಡಿ, ಒತ್ತಿ ನೋಡಿ ಹೇಳಿದ:

“ಒಳ್ಳೆ ಹದದ ಮಣ್ಣು ಕಣ್ಲಾ. ಆವತ್ತೂ ಇಂಗೇ ಇತ್ತು.”

ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದೆ. ಬೈಕಿನ ರೈತ ಎರಡು ಹೆಜ್ಜೆ ಹಿಂದೆ ಸರಿದ. ಮಾವ ಕದಲಲಿಲ್ಲ.

“ಎತ್ಕಳ್ಲಾ, ಸಾಮಾನು ಏನ್ ಮಾಡ್ತು?” ಅಂದ.

ಆವತ್ತು ಏನಾಯಿತು ಎಂದು ನಿಮಗೆ ಹೇಳಬೇಕು. ಅದಕ್ಕೆ ಮೊದಲು ಇನ್ನೊಂದು ಕೋಪ ಮುಗಿಸಿಕೊಳ್ಳುತ್ತೇನೆ.

ರೇಸ್ ಅಂದರೆ ನಮ್ಮ ಜನಕ್ಕೆ ಏನು ಗೊತ್ತು? ಹೆದ್ದಾರಿಯಲ್ಲಿ ಮುಂಚಕ್ರ ಎತ್ತಿಕೊಂಡು, ಎದುರು ಬರುವ ಬಸ್ಸಿನ ಡ್ರೈವರಿನ ಎದೆ ಒಡೆಸಿ, ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚುವುದು ರೇಸು! ಅಂಥವರು ನನ್ನ ಶೆಡ್ಡಿಗೂ ಬರುತ್ತಾರೆ. “ಅಣ್ಣಾ, ಸೈಲೆನ್ಸರ್ ಕುಯ್ದು ಕೊಡಣ್ಣ, ಸೌಂಡು ಬಫ್ ಅಂತ ಒಡೀಬೇಕು.” ನಾನು ಅವರಿಗೆ ಸೌಂಡು ಬೇರೆ ರೀತಿಯಲ್ಲಿ ಹೊಡೆಸಿ ಕಳಿಸುತ್ತೇನೆ. ಆದರೆ ಊರಿನ ಹಿರಿಯರಿಗೆ ಅವರೂ ಒಂದೇ, ನಾನೂ ಒಂದೇ. “ನೀನೂ ರೇಸಿನವನೇ ಅಲ್ವೇನಪ್ಪ, ವಸಿ ಬುದ್ಧಿ ಏಳು ಅವ್ರಿಗೆ” ಎಂದು ನನ್ನನ್ನೇ ಕರೆಸುತ್ತಾರೆ. ಮದ್ದೂರು ಎಂದರೆ ವಡೆ, ಮಂಡ್ಯ ಎಂದರೆ ಗಲಾಟೆ, ರೇಸ್ ಎಂದರೆ ಪೋಲಿತನ. ಜನಕ್ಕೆ ಒಂದೊಂದಕ್ಕೆ ಒಂದೊಂದು ಪದ ಸಿಕ್ಕಿಬಿಟ್ಟರೆ ಆಯಿತು, ಮುಂದೆ ನೋಡುವ ಕಷ್ಟವಿಲ್ಲ.

ನಿಜವಾದ ರೇಸಿನಲ್ಲಿ ಎದುರು ಯಾರೂ ಬರುವುದಿಲ್ಲ. ಎಲ್ಲರೂ ಒಂದೇ ಕಡೆ ಹೋಗುತ್ತಾರೆ. ಅದೇ ಅದರ ಮೊದಲ ಮರ್ಯಾದೆ.

ನಾನು ಓಡಿಸಿದ್ದು ಮಣ್ಣಿನ ರೇಸು. ಬಯಲಲ್ಲಿ ಹಾದಿ ಕಡಿದು, ಅಲ್ಲಲ್ಲಿ ಗುಡ್ಡೆ ಹಾಕಿ, ಎರಡೂ ಬದಿಗೆ ಹಗ್ಗ ಕಟ್ಟಿರುತ್ತಾರೆ. ಬಾವುಟ ಬಿದ್ದ ಕೂಡಲೇ ಹತ್ತು ಹದಿನೈದು ಬೈಕುಗಳು ಒಂದೇ ತಿರುವಿಗೆ ನುಗ್ಗುತ್ತವೆ. ಮುಂದಿನವನ ಚಕ್ರ ಎಸೆಯುವ ಮಣ್ಣು ಮುಖಕ್ಕೆ, ಎದೆಗೆ ಕಲ್ಲಿನ ಹಾಗೆ ಬಡಿಯುತ್ತದೆ. ತಿರುವಿನಲ್ಲಿ ಬ್ರೇಕು ಹಿಡಿದರೆ ಹಿಂದೆ ಉಳಿದೆ, ಹಿಡಿಯದಿದ್ದರೆ ಹಗ್ಗದ ಆಚೆಗೆ ಹೋದೆ. ಎರಡರ ನಡುವೆ ಒಂದು ಕೂದಲೆಳೆಯಷ್ಟು ಜಾಗವಿದೆ. ಅಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಲು ಬಿಟ್ಟು, ಒಳಗಾಲು ಚಾಚಿ, ಜಾರುತ್ತ ಜಾರುತ್ತಲೇ ತಿರುಗಿಬಿಡಬೇಕು. ಸ್ವಲ್ಪ ಹೊತ್ತಿಗೆ ಮುಂಗೈ ಕೊರಡಾಗುತ್ತದೆ. ಬೆರಳು ಬಿಚ್ಚು ಎಂದರೆ ಬಿಚ್ಚುವುದಿಲ್ಲ, ಹಿಡಿ ಎಂದರೆ ಹಿಡಿಯುವುದಿಲ್ಲ. ‘ಬೈಕೇ ಓಡ್ತದೆ, ಇವ್ನು ಸುಮ್ನೆ ಮೇಲೆ ಕೂತಿರ್ತಾನೆ’ ಎನ್ನುವವರನ್ನು ಒಂದು ಸುತ್ತು ಕೂರಿಸಬೇಕೆಂದು ನನಗೆ ಬಹಳ ದಿನದ ಆಸೆ.

ನಾನು ಇದನ್ನು ಕಲಿತದ್ದು ಹಾಲಿನ ಕ್ಯಾನಿನಿಂದ. ನಾಲೆಯ ಏರಿಯ ಮೇಲೆ, ಬೈಕಿನ ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೋಗುತ್ತಿದ್ದೆ. ಒಂದು ಕಡೆ ನೀರು, ಇನ್ನೊಂದು ಕಡೆ ಆಳದ ಗದ್ದೆ, ನಡುವೆ ಚಕ್ರದಗಲದ ದಾರಿ. ಹಾಲು ಚೆಲ್ಲಬಾರದು, ತಡವೂ ಆಗಬಾರದು. ತಡವಾದರೆ ಡೇರಿಯವನು ಬಾಗಿಲು ಹಾಕುತ್ತಿದ್ದ, ಚೆಲ್ಲಿದರೆ ಅವ್ವ ಬಾಯಿ ತೆಗೆಯುತ್ತಿದ್ದಳು. ಅವ್ವನಿಗಿಂತ ದೊಡ್ಡ ತೀರ್ಪುಗಾರರನ್ನು ನಾನು ಯಾವ ರೇಸಿನಲ್ಲೂ ಕಂಡಿಲ್ಲ.

ಓದು ನಿಂತದ್ದನ್ನು ಹೇಳಿದೆನಲ್ಲ, ಅದೂ ನಾನಾಗಿ ನಿಲ್ಲಿಸಿದ್ದಲ್ಲ. ಒಂದು ಭಾನುವಾರ ನಮ್ಮ ಮನೆ ಜಗಲಿಯ ಮೇಲೆ ಅವ್ವ, ಅಪ್ಪ, ಮಾವ ಕೂತು ನನ್ನ ವಿಷಯ ತೀರ್ಮಾನ ಮಾಡಿದರು. ನಾನು ಒಳಗೆ ಲೆಕ್ಕ ಮಾಡುತ್ತಿದ್ದೆ. “ಇವ್ನ ಕೈ ನೋಡಕ್ಕಾ, ಪೆನ್ನು ಇಡ್ಯೋ ಕೈಯಾ ಇದು? ಕಸುಬು ಕಲೀಲಿ” ಎಂದ ಮಾವ. ಮಾರನೆಯ ದಿನ ತನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮಳವಳ್ಳಿಯ ಗ್ಯಾರೇಜಿನಲ್ಲಿ ಇಳಿಸಿ ಹೋದ. ಸಹಾಯ ಮಾಡಿದ. ನಮ್ಮೂರ ಕಡೆ ಯಾರನ್ನೂ ಕೇಳಿ ಸಹಾಯ ಮಾಡುವ ಪದ್ಧತಿ ಇಲ್ಲ. ಗಾಡಿ ಹೂತರೆ ಹತ್ತು ಜನ ಬಂದು ಎತ್ತುತ್ತಾರೆ. ಗಾಡಿಯವನು ಬೇಡ ಎಂದರೂ ಎತ್ತುತ್ತಾರೆ. ಎತ್ತಿದ ಮೇಲೆ ಎಲ್ಲಿಗೆ ಹೊರಟಿದ್ದೆ ಎಂದು ಕೇಳಿ, ಅಲ್ಲಿಗೆ ಹೋಗಬೇಡ ಎಂದು ಬುದ್ಧಿಯನ್ನೂ ಹೇಳುತ್ತಾರೆ.

ನನ್ನನ್ನು ರೇಸು ಹಿಡಿದದ್ದು ಇದಕ್ಕೇ ಎಂದು ಈಗ ಅನ್ನಿಸುತ್ತದೆ. ಮಂಡ್ಯದ ಹೊರಗೆ ಮೊದಲ ಸಲ ಓಡಿಸಿದಾಗ, ಔಷಧಿ ಹೊಡೆಯುವವರ ರಬ್ಬರ್ ಬೂಟು, ಕಬಡ್ಡಿಯವರ ಮೊಣಕಾಲು ಪಟ್ಟಿ ಹಾಕಿಕೊಂಡಿದ್ದೆ. ಪಕ್ಕದಲ್ಲಿ ನಿಂತವರ ಮೈಮೇಲೆ ಬೆಂಗಳೂರಿನ ಅಂಗಡಿಯ ಬಣ್ಣಬಣ್ಣದ ಸೂಟು. ಅವರು ನನ್ನ ಬೂಟು ನೋಡಿ ನಕ್ಕರು. ಬಾವುಟ ಬಿತ್ತು. ಆಮೇಲೆ ಯಾರ ಸೂಟೂ ಬರಲಿಲ್ಲ, ಯಾರ ಮಾವನೂ ಬರಲಿಲ್ಲ. ನನ್ನ ಕೈ, ನನ್ನ ಕಾಲು, ನಾನೇ ಬಿಚ್ಚಿ ಜೋಡಿಸಿದ ಎಂಜಿನ್ನು. ತಪ್ಪಾದರೆ ನನ್ನದು, ಸರಿಯಾದರೆ ನನ್ನದು. ಬಿದ್ದರೆ ನಾನೇ ಏಳಬೇಕು. ಹೊರಗಿನವನೊಬ್ಬ ಬೈಕು ಮುಟ್ಟಿದರೆ ನಿನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ನಿಯಮ ಕೇಳಿದಾಗ ಉಳಿದವರು ಮುಖ ಸಿಂಡರಿಸಿದರು. ನನಗೆ ಇದೇನಪ್ಪ ಇಷ್ಟು ಚೆನ್ನಾಗಿದೆ ಅನ್ನಿಸಿತು. ಹುಟ್ಟಿದಾಗಿನಿಂದ ನಾನು ಹುಡುಕುತ್ತಿದ್ದ ಜಾಗ ಎರಡು ಹಗ್ಗಗಳ ನಡುವೆ ಇತ್ತು.

ನಾಲ್ಕಾರು ವರ್ಷ ಹಾಗೆ ಓಡಿಸಿದೆ. ಹಗಲು ಗ್ಯಾರೇಜು, ಭಾನುವಾರ ರೇಸು. ಬರುಬರುತ್ತ ನಗುವವರು ಕಡಿಮೆಯಾದರು. ಕೊನೆಗೊಂದು ವರ್ಷ ಬೆಂಗಳೂರಿನ ಒಂದು ಟೀಮಿನ ಮ್ಯಾನೇಜರು, ಮಂಡ್ಯ ಜಿಲ್ಲೆಯ ಹುಡುಗರಲ್ಲಿ ಒಬ್ಬನನ್ನು ತೆಗೆದುಕೊಳ್ಳುತ್ತೇನೆ, ರೇಸಿನಲ್ಲಿ ಮೊದಲು ಬಂದವನಿಗೆ ಬೈಕು, ತರಬೇತಿ, ಊರೂರು ಸುತ್ತುವ ಖರ್ಚು ನಮ್ಮದು ಎಂದ. ಒಂದೇ ಷರತ್ತು: ಇಪ್ಪತ್ತೈದು ದಾಟಿರಬಾರದು. ನನಗೆ ಆ ದೀಪಾವಳಿಗೆ ಇಪ್ಪತ್ತೈದು ತುಂಬುತ್ತಿತ್ತು. ಅಂದರೆ ನನಗಿದ್ದದ್ದು ಅದೊಂದೇ ರೇಸು. ಆಮೇಲೆ ಇಲ್ಲ.

ರೇಸು ನಡೆಸುವವರಿಗೆ ಬಯಲು ಬೇಕಾಗಿತ್ತು. ಮಾವ ಆಗಷ್ಟೇ ಕಬ್ಬು ಕಡಿಸಿದ್ದ. “ನಮ್ಮ ಗದ್ದೇಲೇ ಮಾಡ್ಕಳಿ, ಕಾಸು ಬ್ಯಾಡ. ನಮ್ಮುಡ್ಗ ಓಡುಸ್ತನೆ” ಎಂದು ತಾನಾಗಿ ಹೋಗಿ ಹೇಳಿಬಂದ. ನಾನು ಕೇಳಿರಲಿಲ್ಲ. ಆದರೂ ಅವತ್ತು ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಕಬ್ಬಿನ ಕೂಳೆ ಕಿತ್ತು, ಜೆಸಿಬಿ ತಂದು ಮಟ್ಟ ಮಾಡಿ, ಗುಡ್ಡೆ ಹಾಕಿ, ಹಗ್ಗ ಕಟ್ಟಿದರು. ಶನಿವಾರ ಅಭ್ಯಾಸದ ಓಟದಲ್ಲಿ ನನಗಿಂತ ಬೇಗ ಸುತ್ತು ಮುಗಿಸಿದವನು ಒಬ್ಬನೂ ಇರಲಿಲ್ಲ. ಮ್ಯಾನೇಜರು ಕನ್ನಡಕ ತೆಗೆದು ನನ್ನ ಹೆಸರು ಕೇಳಿದ. ಎರಡು ಸಲ ಕೇಳಿದ.

ಒಂದೇ ತೊಂದರೆ, ಧೂಳು. ಮುಂದಿನವನ ಹಿಂದೆ ಏನೂ ಕಾಣುತ್ತಿರಲಿಲ್ಲ. ಸಾಯಂಕಾಲ ನಡೆಸುವವರು, ನಾಳೆ ಬೆಳಿಗ್ಗೆ ಮದ್ದೂರಿನಿಂದ ಟ್ಯಾಂಕರು ತರಿಸಿ ನೀರು ಚಿಮುಕಿಸುತ್ತೇವೆ ಎಂದು ಹೇಳಿ ಹೋದರು.

ಇಲ್ಲಿ ನಿಮಗೆ ಒಂದು ವಿಷಯ ಗೊತ್ತಿರಬೇಕು. ನಾವು ಮಳವಳ್ಳಿ ಕಡೆಯವರು ನಾಲೆಯ ಕೊನೆಯವರು. ಮೇಲಿನವರೆಲ್ಲ ಕುಡಿದು ಕೈ ತೊಳೆದ ಮೇಲೆ ಉಳಿದದ್ದು ನಮಗೆ. ಮಾವನ ಊರಿನವರು ಹಾಗಲ್ಲ. ನಾಲೆ ಮನೆ ಬಾಗಿಲಲ್ಲೇ. ಅವರ ಪಾಲಿಗೆ ಟ್ಯಾಂಕರಿನಲ್ಲಿ ನೀರು ತರಿಸುವುದೆಂದರೆ ಮದುವೆ ಮನೆಗೆ ಪಕ್ಕದ ಮನೆಯಿಂದ ಅನ್ನ ಸಾಲ ತಂದ ಹಾಗೆ. ಅದೂ ಊರಿಗೆ ಬೆಂಗಳೂರಿನ ಜನ ಬಂದಿರುವಾಗ.

“ನಾಲೆ ಮಗ್ಗುಲಲ್ಲಿ ಇಕ್ಕಂಡು ಟ್ಯಾಂಕರ್ ತರ್ಸದಾ? ಯಾರಾದ್ರೂ ನೋಡುದ್ರೆ ಏನಂದರು?” ಎಂದು ಮಾವ ಹೊತ್ತು ಮುಳುಗುವ ಮೊದಲು ಸೌಡಿಯನ್ನು ಹುಡುಕಿಕೊಂಡು ಹೋದ. ಸೌಡಿ ಅಂದರೆ ನಾಲೆಯ ತೂಬು ನೋಡಿಕೊಳ್ಳುವವನು. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನೀರು ಬಿಡುತ್ತಿದ್ದ ಕಾಲ. ಅವತ್ತು ಮಾವನ ಸರದಿ ಅಲ್ಲ. ಸರದಿಯವನ ಮನೆಗೆ ಹೋಗಿ, ಕೈ ಹಿಡಿದು, ಒಪ್ಪಿಸಿ, ನೀರು ಪಡೆದ. ಅಷ್ಟು ಕಷ್ಟಪಟ್ಟು ಪಡೆದ ನೀರನ್ನು ಯಾರಾದರೂ ಚಿಮುಕಿಸುತ್ತಾರೆಯೇ? ತೂಬು ಎತ್ತಿಸಿ ಗದ್ದೆ ತುಂಬ ಬಿಟ್ಟ. ಅವನ ಲೆಕ್ಕ ಹೀಗಿತ್ತು: ಸಾಯಂಕಾಲ ಬಿಟ್ಟರೆ ನೀರು ಇಂಗಿ ಬೆಳಿಗ್ಗೆಗೆ ಮಣ್ಣು ಹದಕ್ಕೆ ಬರುತ್ತದೆ. ಉಂಡೆ ಕಟ್ಟಿದರೆ ಕಟ್ಟಬೇಕು, ಒತ್ತಿದರೆ ಒಡೆಯಬೇಕು. ಧೂಳು ಏಳುವುದಿಲ್ಲ.

ಲೆಕ್ಕ ತಪ್ಪಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು. ಮಾರನೆಯ ಬೆಳಿಗ್ಗೆ ಆ ಗದ್ದೆ ಪೂರ್ತಿ ಹದದಲ್ಲಿತ್ತು. ನೇಗಿಲಿಗೆ.

ಮ್ಯಾನೇಜರು ಕಾರಿನಿಂದ ಇಳಿದು ಒಂದು ಹೆಜ್ಜೆ ಇಟ್ಟ. ಬೂಟು ಅಲ್ಲೇ ಉಳಿಯಿತು, ಕಾಲು ಮಾತ್ರ ಮುಂದಕ್ಕೆ ಬಂತು.

“ಏನ್ರೀ ಇದು? ರೇಸಿಗೆ ಕರೆದ್ರಾ, ನಾಟಿ ಹಾಕೋದಕ್ಕೆ ಕರೆದ್ರಾ? ಪೈರೆಲ್ಲಿ?” ಎಂದ.

“ವಸಿ ತಾಳಿ ಸಾಮಿ, ಬಿಸ್ಲೇರ್ಲಿ. ಇಂಥ ಹದ ಯಾರ್ ಗದ್ದೇಲೂ ಸಿಕ್ಕಲ್ಲ” ಎಂದ ಮಾವ, ಎದೆ ಸೆಟೆಸಿಕೊಂಡು.

ಮಧ್ಯಾಹ್ನದವರೆಗೆ ಕಾದರು. ಮೇಲೆ ಹಪ್ಪಳದಂತೆ ಒಣಗಿತು, ಒಳಗೆ ಹಾಗೆಯೇ ಇತ್ತು. ಜನ ಸೇರಿಬಿಟ್ಟಿದ್ದರು, ಬಿಡುವ ಹಾಗಿರಲಿಲ್ಲ. ನಮ್ಮ ಜಿಲ್ಲೆಯ ಹುಡುಗರ ಓಟವನ್ನೇ ಮೊದಲು ಬಿಟ್ಟರು. ಬಾವುಟ ಬಿತ್ತು. ಮೊದಲ ತಿರುವಿಗೆ ನಾನೇ ಮುಂದು. ಒಂದು ಸುತ್ತು ನಡೆಯಿತು. ಎರಡನೆಯ ಸುತ್ತಿಗೆ ಹಪ್ಪಳ ಒಡೆದು ಒಳಗಿನ ಜೇಡಿ ಮೇಲೆ ಬಂತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ತುಂಬಿ, ಚಕ್ರ ತಿರುಗುವುದೇ ನಿಂತಿತು. ಎಂಜಿನ್ನು ಅರಚುತ್ತಿದೆ, ಕ್ಲಚ್ಚು ಸುಡುತ್ತಿದೆ, ಸೈಲೆನ್ಸರಿನ ಮೇಲೆ ಮಣ್ಣು ಬೇಯುತ್ತಿದೆ, ಬೈಕು ಕದಲುವುದಿಲ್ಲ. ತಿರುಗಿ ನೋಡಿದೆ. ಎಲ್ಲರದೂ ಅದೇ ಗತಿ. ಗದ್ದೆಯ ತುಂಬ ನಿಂತಲ್ಲೇ ನಿಂತ ರೇಸು!

ನಾನು ಇಳಿದೆ. ಕೈಹಾಕಿ ಮಣ್ಣು ಬಗೆಯತೊಡಗಿದೆ. ಬಗೆದು, ತಳ್ಳಿ, ಮತ್ತೆ ಬಗೆದು. ನನಗೆ ಗಾಬರಿ ಇರಲಿಲ್ಲ. ಇಂಥ ಮಣ್ಣಿನಿಂದ ಚಕ್ರ ಬಿಡಿಸುವುದು ನನಗೆ ಗೊತ್ತಿದ್ದಷ್ಟು ಸೂಟಿನವರಿಗೆ ಗೊತ್ತಿರಲಿಲ್ಲ. ಚಕ್ರ ಅರ್ಧ ಸುತ್ತು ತಿರುಗಿತು. ಗಟ್ಟಿ ನೆಲ ನಾಲ್ಕು ಮಾರು ದೂರದಲ್ಲಿತ್ತು. ಇನ್ನೊಂದು ಸಲ ಬಗೆದಿದ್ದರೆ ಆಗಿತ್ತು. ಕೇಳುತ್ತಿದ್ದೀರಾ? ಇನ್ನೊಂದೇ ಸಲ.

ಆಗ ಹಗ್ಗದ ಕಡೆಯಿಂದ ಮಾವನ ಧ್ವನಿ ಕೇಳಿತು: “ನೋಡ್ಕಂಡ್ ನಿಂತಿದ್ದೀರಲ್ರೋ, ನಮ್ಮುಡ್ಗ ಊತೋಗವ್ನೆ! ಬರ್ರಲಾ!”

ಏಳೆಂಟು ಜನ ಹಗ್ಗ ದಾಟಿ ಓಡಿಬಂದರು. “ಬ್ಯಾಡ ಮಾವ! ಮುಟ್ಬ್ಯಾಡ! ಮುಟ್ಬ್ಯಾಡಿ!” ಎಂದು ಹೆಲ್ಮೆಟ್ಟಿನೊಳಗಿಂದ ಕಿರುಚಿದೆ. ಹೆಲ್ಮೆಟ್ಟಿನೊಳಗಿನ ಕಿರುಚಾಟ ಹೊರಗಿನವರಿಗೆ ಕೃತಜ್ಞತೆಯ ಹಾಗೆ ಕೇಳಿಸುತ್ತದೋ ಏನೋ, ಇನ್ನೂ ಇಬ್ಬರು ಬಂದರು. ನನ್ನನ್ನು ಬೈಕಿನ ಮೇಲೆ ಕೂರಿಸಿ, ಬೈಕನ್ನು ನನ್ನ ಸಮೇತ ಉತ್ಸವಮೂರ್ತಿಯ ಹಾಗೆ ಎತ್ತಿ, ಗಟ್ಟಿ ನೆಲಕ್ಕೆ ತಂದಿಟ್ಟರು. ಮಾವ ನನ್ನ ಬೆನ್ನಿಗೆ ಒಂದು ಗುದ್ದಿದ. “ಓಗ್ಲಾ ಈಗ!”

ಹೋದೆ. ಇನ್ನೇನು ಮಾಡಲಿ? ಗಟ್ಟಿ ನೆಲ ಹುಡುಕಿ ಹುಡುಕಿ ಉಳಿದ ಸುತ್ತು ಮುಗಿಸಿದೆ. ನಾನು ಗೆರೆ ದಾಟುವಾಗ ಎರಡನೆಯವನು ಇನ್ನೂ ಕೆಸರಿನಲ್ಲಿದ್ದ. ಜನ ಶಿಳ್ಳೆ ಹೊಡೆದರು, ಟವೆಲ್ಲು ಹಾರಿಸಿದರು. ಬಾವುಟದವನು ನನ್ನ ಮುಖ ನೋಡದೆ ತಲೆ ಅಲ್ಲಾಡಿಸಿದ. ಮ್ಯಾನೇಜರು ಎರಡನೆಯವನ, ಮಂಡ್ಯದ ಹುಡುಗನ, ಕೈ ಕುಲುಕಿದ. ಕಾರು ಹತ್ತುವ ಮುಂಚೆ ನನ್ನ ಹತ್ತಿರ ಬಂದು, “ರೈಡಿಂಗ್ ಚೆನ್ನಾಗಿದೆ ನಿಮ್ಮದು. ಆದರೆ ನಿಮ್ಮ ಜನ...” ಎಂದು ಮಾತು ಮುಗಿಸದೆ ಹೋದ. ಮುಗಿಸಿದ್ದರೆ ಹಲ್ಲು ಉದುರಿಸುತ್ತಿದ್ದೆ. ನಮ್ಮ ಜನವನ್ನು ಬಯ್ಯುವುದಕ್ಕೆ ಅವನಾರು? ಬಯ್ಯಬೇಕಾದರೆ ನಾನಿಲ್ಲವೇ?

ಬೈದೆ. ಊರವರೆಲ್ಲರ ಮುಂದೆ, ಹಿರಿಯ ಎಂದೂ ನೋಡದೆ ಮಾವನನ್ನು ಬೈದೆ. ನಿಯಮ ಏನು ಎಂದು ಕೂಗಿ ಹೇಳಿದೆ. ಅವನು ಕೆಸರಿನ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಪೂರ್ತಿ ಕೇಳಿ, ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ:

“ಊತೋನ್ನ ಎತ್ತಬಾರ್ದು ಅನ್ನದು ಯಾವ್ ಸೀಮೆ ಆಟ್ವಲಾ?”

ಉತ್ತರ ಇಲ್ಲದ ಕೋಪ ಬಹಳ ದಿನ ಬಾಳುತ್ತದೆ. ನನ್ನದು ಹದಿನೈದು ವರ್ಷ ದಾಟಿತು. ಮಾತು ಬಿಡಲಿಲ್ಲ, ಮಾತು ಬಿಟ್ಟರೆ ಬಯ್ಯುವುದು ಹೇಗೆ? ಅವನು ನನ್ನ ಮದುವೆ ನಿಂತು ಮಾಡಿಸಿದ, ಶೆಡ್ಡಿನ ಪೂಜೆಗೆ ಬಾಳೆಕಂದು ಹೊತ್ತು ತಂದ, ಸಂತೆಯ ದಿನ ತಪ್ಪದೆ ಬಂದು ಟಯರಿನ ಮೇಲೆ ಕೂತ. ಒಂದು ಮಾತನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. ಹದ ಸರಿಯಾಗಿಯೇ ಇತ್ತು.

ಹೋದ ತಿಂಗಳು ನಾನು ಸ್ಪ್ಯಾನರು ಎಸೆದ ದಿನವೇ ಫೋನು ಬಂತು. ಮಂಡ್ಯದ ಹೊರಗೆ ಮಣ್ಣಿನ ರೇಸು ಇಟ್ಟಿದ್ದೇವೆ, ನಲವತ್ತು ದಾಟಿದವರಿಗೂ ಒಂದು ಓಟವಿದೆ, ಬರುತ್ತೀರಾ ಎಂದರು. ಮೊದಲು ಅದಕ್ಕೂ ಕೋಪ ಬಂತು. ಇಪ್ಪತ್ತೈದಕ್ಕೆ ಮುದುಕ ಎಂದವರು ನಲವತ್ತೊಂದಕ್ಕೆ ಹುಡುಗ ಎನ್ನುತ್ತಾರಲ್ಲ! ಆಮೇಲೆ, ಬರುತ್ತೇನೆ ಎಂದೆ.

ಶೆಡ್ಡಿಗೆ ಊಟ ತಂದಿದ್ದ ಸವಿತ, “ಮೊಣಕಾಲಿಗೆ ಎಣ್ಣೆ ಹಚ್ಚದೆ ಮೆಟ್ಲು ಇಳಿಯಕ್ಕಾಗಲ್ಲ ನಿಮಗೆ, ಗುಡ್ಡೆ ಆರುಸ್ತೀರಾ?” ಎಂದಳು. ಮಾವ ಟಯರಿನ ಮೇಲಿಂದ ಎದ್ದ. “ನಾನೂ ಬತ್ತೀನಿ.”

“ಬಾ. ಆದ್ರೆ ಹಗ್ಗ ದಾಟ್ಬ್ಯಾಡ ಮಾವ. ನಾನು ಸತ್ರೂ ದಾಟ್ಬ್ಯಾಡ.”

“ಸಾಯೋ ಮಾತ್ಯಾಕ್ಲಾ ಆಡೀಯೆ? ದಾಟಲ್ಲ, ಓಗು.”

ಆ ಭಾನುವಾರ ಬಯಲಿಗೆ ಟ್ಯಾಂಕರು ಬಂದು ತುಂತುರು ಹಾಕಿ ಹೋಯಿತು. “ಈಟೇ ನೀರಾ? ಕೋಳಿ ಉಚ್ಚೆ ಉಯ್ದಂಗೆ!” ಎಂದ ಮಾವ. ನಾನು ಕೇಳಿಸದವನಂತೆ ಹೆಲ್ಮೆಟ್ಟು ಹಾಕಿಕೊಂಡೆ. ಗೆರೆಯ ಮೇಲೆ ಆರು ಜನ ಇದ್ದೆವು. ಆರು ಜನಕ್ಕೂ ಹೊಟ್ಟೆ ಬಂದಿತ್ತು. ನನ್ನ ಪಕ್ಕದವನು ಕನ್ನಡಕದ ಮೇಲೆ ಗಾಗಲ್ಸು ಹಾಕಲು ಒದ್ದಾಡುತ್ತಿದ್ದ. ಬಾವುಟ ಬಿತ್ತು. ಮೊದಲ ಗುಡ್ಡೆ ಹಾರಿದಾಗ, ಚಕ್ರಗಳೆರಡೂ ನೆಲ ಬಿಟ್ಟ ಆ ಒಂದು ಗಳಿಗೆಯಲ್ಲಿ, ಸದ್ದೆಲ್ಲ ಹಿಂದೆ ಉಳಿದ ಹಾಗಾಯಿತು. ಎಷ್ಟು ವರ್ಷವಾಗಿತ್ತು ಸ್ವಾಮಿ! ನಿಮಗೆ ಇದನ್ನು ಹೇಗೆ ಹೇಳಲಿ? ಆ ಗಳಿಗೆಯಲ್ಲಿ ನನಗೆ ಭೂಮಿಯ ಮೇಲೆ ಯಾರ ಮೇಲೂ ಕೋಪವಿರಲಿಲ್ಲ. ಇಳಿದ ಮೇಲೆ ಇತ್ತು, ಆದರೆ ಒಬ್ಬನ ಮೇಲೆ ಮಾತ್ರ. ನನ್ನ ಮುಂದೆ ಹೋಗುತ್ತಿದ್ದವನ ಮೇಲೆ.

ಅವನನ್ನು ಹಿಂದೆ ಹಾಕಿದೆ. ಮೂರನೆಯವನಾದೆ. ಎರಡನೆಯವನ ಹಿಂದೆಯೇ ಕೊನೆಯ ಸುತ್ತಿನ ಎಡ ತಿರುವಿಗೆ ಹೋದೆ. ಹಿಂದಿನ ಚಕ್ರವನ್ನು ಜಾರಲು ಬಿಟ್ಟೆ. ಹಳೆಯ ಕಾಲು ಹೊಸ ಚಕ್ರದ ಮಾತು ಕೇಳಲಿಲ್ಲ. ಬಿದ್ದೆ. ಬೈಕು ನನ್ನ ಎಡಗಾಲಿನ ಮೇಲೆ ಮಲಗಿತು, ಎಂಜಿನ್ನು ನಿಂತಿತು. ಹಿಂದಿನಿಂದ ಒಂದು ಬೈಕು ಹೋಯಿತು, ಇನ್ನೊಂದು ಹೋಯಿತು. ಬಾವುಟದವನು ಹಳದಿ ಬಾವುಟ ಬೀಸುತ್ತಿದ್ದ. ನಾನು ಬಿದ್ದದ್ದು ಮಾವ ನಿಂತಿದ್ದ ಜಾಗದ ಎದುರಿಗೇ.

ಕಾಲು ಎಳೆದೆ, ಬರಲಿಲ್ಲ. ತಲೆ ಎತ್ತಿ ನೋಡಿದೆ. ಮಾವ ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡು ನಿಂತಿದ್ದ. ಮಾತು ಕೊಟ್ಟಿದ್ದ, ಕೊಟ್ಟ ಹಾಗೆ ನಿಂತಿದ್ದ. ನಾನು ಸುಳ್ಳು ಹೇಳುವುದಿಲ್ಲ ಎಂದೆನಲ್ಲ. ಆಗ ನನಗೆ ಬಂದಷ್ಟು ಕೋಪ ಹದಿನೈದು ವರ್ಷದಲ್ಲಿ ಬಂದಿರಲಿಲ್ಲ. ಈ ಮನುಷ್ಯ ಯಾಕೆ ಬರುತ್ತಿಲ್ಲ? ಸೋದರಳಿಯ ಕಣ್ಣೆದುರು ಬಿದ್ದಿದ್ದಾನೆ, ಕಂಬದ ಹಾಗೆ ನಿಂತಿದ್ದಾನಲ್ಲ?

ಅವನ ಪಕ್ಕದ ಇಬ್ಬರು ಹಗ್ಗ ಎತ್ತಿ ಒಳಗೆ ನುಗ್ಗಿದರು. ಮಾವ ಅವರ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದ.

“ಯಾವನಾರ ಅವನ್ನ ಮುಟ್ಟುದ್ರೆ ಕೈ ಮುರ್ದಾಕ್ಬುಡ್ತೀನಿ! ಮುಟ್ಟುದ್ರೆ ಅವ್ನ ಲೆಕ್ಕಕ್ಕೆ ತಕ್ಕಳಕಿಲ್ಲ ಕಣ್ರಲಾ! ಅವ್ನೇ ಏಳ್ತನೆ ಬುಡಿ!”

ಅವರನ್ನು ಆಚೆಗೆ ತಳ್ಳಿ ಮತ್ತೆ ಹಗ್ಗ ಹಿಡಿದುಕೊಂಡ.

ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ. ಕಾಲು ಬಿಡಿಸಿಕೊಂಡು, ಬೈಕು ಎತ್ತಿ, ಕಿಕ್ ಹೊಡೆದು, ಹೋದೆ. ಆರು ಜನರಲ್ಲಿ ಐದನೆಯವನಾಗಿ ಗೆರೆ ದಾಟಿದೆ. ಬಾವುಟದವನು ಈ ಸಲ ನನ್ನ ಮುಖ ನೋಡಿಯೇ ತಲೆ ಅಲ್ಲಾಡಿಸಿದ, ಮೇಲೆ ಕೆಳಗೆ.

ಓಟವೆಲ್ಲ ಮುಗಿದು ಜನ ಹಗ್ಗ ಬಿಚ್ಚುವವರೆಗೂ ಮಾವ ಆಚೆಗೇ ನಿಂತಿದ್ದ. ಬಿಚ್ಚಿದ ಮೇಲೆ ಬಂದು, ನೆಲಕ್ಕೆ ಕೂತು, ನನ್ನ ಬೂಟು ಕಳಚಿ, ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡಿದ, ಮಣ್ಣು ನೋಡುವ ಹಾಗೆಯೇ.

“ಎಷ್ಟ್ನೇದು?” ಎಂದ.

“ಐದು.”

“ಆವತ್ತು ನಾವೆತ್ತಿದ್ದಕ್ಕೆ ಮೊದ್ಲು ಬಂದಿದ್ದೆ ಕಣ್ಲಾ.”

ನನಗೆ ನಗು ಬಂತು. ಕಾಲು ನೋಯುತ್ತಿದ್ದರಿಂದ ಬೈದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಶೆಡ್ಡು, ಸ್ವಂತದ್ದು. ಇಬ್ಬರು ಕೆಲಸಗಾರರು. ಓಡುವ ಬೈಕು ಒಂದು, ಬಿಚ್ಚಿಟ್ಟದ್ದು ಒಂದು. ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಬ್ಬ ಮಾವ. ಒಂದು ಐದನೆಯ ಸ್ಥಾನ.